ನಲವತ್ತು ಸಾವಿರ ಪುಟ, ಬರಿಯ ಬ್ಯಾಶ್ ಲೂಪ್: ನನ್ನ ಅನುಭವ

ಹಳೆಯ ಪತ್ರಿಕೆಗಳ ಸುಮಾರು 40 ಸಾವಿರ ಸ್ಕ್ಯಾನ್ ಪುಟಗಳನ್ನು ಟಿಫ್ ಚಿತ್ರರೂಪದಿಂದ ಜೆಪೆಗ್‌ಗೆ ಬ್ಯಾಶ್‌ನಲ್ಲೇ (ಆಜ್ಞೆಗಳನ್ನು ಟೈಪಿಸಿ ಕಂಪ್ಯೂಟರ್ ನಡೆಸುವ ಶೆಲ್) ಪರಿವರ್ತಿಸುತ್ತೇನೆ ಎಂದಾಗ ಗೆಳೆಯರು ತಲೆಯಾಡಿಸಿದರು. ಕಡತಗಳ ಹೆಸರೆಲ್ಲ ಕನ್ನಡದಲ್ಲಿ, ನಡುನಡುವೆ ಖಾಲಿ ಜಾಗ. ಶೆಲ್ ಕೈಕೊಡುತ್ತದೆ, ತಂತ್ರಾಂಶ ಕೊಳ್ಳಿ ಎಂದರು. ವಿಚಾರಿಸಿದರೆ ವರ್ಷಕ್ಕೆ 18 ಸಾವಿರ ರೂಪಾಯಿಯ ಆಸುಪಾಸು. ಕೆಲಸ ಈಗ ಮುಗಿದಿದೆ, ಹೊಸ ಡಿಸ್ಕ್‌ಗೆ ಕೊಟ್ಟ ನಾಲ್ಕೂವರೆ ಸಾವಿರದ ಹೊರತು ಖರ್ಚಿಲ್ಲ.

ಮೊದಲಿದ್ದ ಸ್ಕ್ರಿಪ್ಟ್ ಕಡತಗಳನ್ನು ಪಟ್ಟಿಮಾಡುವ ಎಲ್‌ಎಸ್ ಆಜ್ಞೆಯ ಫಲಿತಾಂಶವನ್ನು, ಒಂದೊಂದು ಹೆಸರಿಗೂ ಅದೇ ಕೆಲಸ ಮಾಡುವ ಲೂಪ್‌ಗೆ ಉಣಿಸುತ್ತಿತ್ತು. ‘ಸಂಪುಟ 12 ಪುಟ 7.ಟಿಫ್’ ಖಾಲಿ ಜಾಗಗಳಲ್ಲಿ ಒಡೆದು ಅದರ ಪಾಲಿಗೆ ನಾಲ್ಕು ಚೂರು. ಎಲ್‌ಎಸ್ ಕಿತ್ತುಹಾಕಿ *.ಟಿಫ್ ಅನ್ನೇ ನೇರವಾಗಿ ಕೊಟ್ಟೆ. ಇಂಥ ಚಿಹ್ನೆಯ ಮಾದರಿಗೆ ಗ್ಲಾಬ್ ಎನ್ನುತ್ತಾರೆ, ಅದು ಬಿಡಿಸಿಕೊಟ್ಟ ಹೆಸರು ಮತ್ತೆ ಒಡೆಯುವುದಿಲ್ಲ. ಲೂಪಿನೊಳಗೆ ಹೆಸರನ್ನು ಹಿಡಿದಿಡುವ ವೇರಿಯಬಲ್‌ಗೆ ಉದ್ಧರಣ ಚಿಹ್ನೆ ಹಾಕಿದರಾಯಿತು.

ಆಮೇಲೆ ಖಾಲಿ ಡೈರೆಕ್ಟರಿಯ ಕಾಟ. ಏನೂ ಹೊಂದದಿದ್ದರೆ ಬ್ಯಾಶ್ *.ಟಿಫ್ ಎಂಬ ಚಿಹ್ನೆಗಳನ್ನೇ ಕಡತದ ಹೆಸರೆಂದು ಲೂಪ್‌ಗೆ ಕೊಡುತ್ತದೆ. ಪರಿವರ್ತಕ ಅಲ್ಲೇ ಮುಗ್ಗರಿಸಿ ರಾತ್ರಿಯ ಕೆಲಸವೆಲ್ಲ ನಿಂತಿತು. ಹೊಂದದ ಗ್ಲಾಬನ್ನು ಇಲ್ಲವಾಗಿಸುವ ನಲ್‌ಗ್ಲಾಬ್ ಆಯ್ಕೆ ಹಾಕಿದೆ. ಲೂಪ್ ಮುಗಿದೊಡನೆ ಅದನ್ನು ತೆಗೆಯಲೇಬೇಕು. ಇಲ್ಲದಿದ್ದರೆ ಮುಂದೆ ಯಾವುದಕ್ಕೂ ಹೊಂದದ ಗ್ಲಾಬ್ ಕೊಟ್ಟರೆ ಎಲ್‌ಎಸ್ ಇಡೀ ಡೈರೆಕ್ಟರಿಯನ್ನು ಹರವಿಡುತ್ತದೆ.

ಗ್ಲಾಬ್ ಬಿಡಿಸಿಕೊಳ್ಳುವುದು ಲೂಪ್ ಆರಂಭವಾಗುವಾಗ ಒಮ್ಮೆ ಮಾತ್ರ. ಸ್ಕ್ಯಾನರ್ ನಡುವೆ ತಂದು ಹಾಕಿದ ಪುಟಗಳು ಲೂಪ್‌ಗೆ ಕಾಣುವುದೇ ಇಲ್ಲ. ಹೊರಗೆ ಮತ್ತೆ ಮತ್ತೆ ಸುತ್ತುವ ವೈಲ್ ಲೂಪ್ ಹಾಕಿ, ಪ್ರತಿ ಸುತ್ತಿಗೂ ಹೊಸದಾಗಿ ಬಿಡಿಸುವಂತೆ ಮಾಡಿದೆ. ಅರ್ಧ ಬರೆದ ಕಡತವನ್ನು ಅದು ಮುಟ್ಟದಂತೆ ತಡೆಯುವ ಉಪಾಯ ನನ್ನ ಬಳಿಯೇ ಇರಲಿ.

ನಿಜವಾದ ಗಂಟು ಕನ್ನಡದ್ದು. ಕಣ್ಣೆದುರು ಕಡತಗಳಿದ್ದರೂ ‘ಕೋಲಾರ*’ ಒಂದನ್ನೂ ಹಿಡಿಯಲಿಲ್ಲ. ಅವು ಹಳೆಯ ಮ್ಯಾಕ್‌ನ, ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆಯ ಡಿಸ್ಕ್‌ನಿಂದ ಬಂದವು. ಬೈಟ್ ಬಿಡಿಸಿ ನೋಡಿದೆ: ನಾನು ಒತ್ತಿದ ಓತ್ವ 3 ಬೈಟ್, ಡಿಸ್ಕ್‌ನಲ್ಲಿದ್ದದ್ದು ಮೂರು ತುಂಡಾಗಿ 9 ಬೈಟ್. ಪರದೆಯ ಮೇಲೆ ಎರಡೂ ಒಂದೇ, ಗ್ಲಾಬ್‌ಗೆ ಬೇರೆ ಬೇರೆ. ಹೆಸರುಗಳ ಅಕ್ಷರ ಸಂಕೇತ ಬದಲಿಸುವ ಕನ್ವ್‌ಎಂವಿ ಓಡಿಸಿ ಹೆಸರುಗಳನ್ನೆಲ್ಲ ಎನ್‌ಎಫ್‌ಸಿಗೆ (ತುಂಡುಗಳನ್ನು ಕೂಡಿಸಿದ ರೂಪ) ತಂದ ಮೇಲೆ ಎಲ್ಲವೂ ಸಿಕ್ಕವು. ಇದನ್ನು ಹಿಡಿದದ್ದಕ್ಕೆ ನನಗೆ ಹೆಮ್ಮೆಯಿದೆ.

ಅದೇ ಹುರುಪಿನಲ್ಲಿ ಗ್ಲಾಬ್‌ನಲ್ಲಿ ಒಂದು ಅಕ್ಷರಕ್ಕೆ ಹೊಂದುವ ಪ್ರಶ್ನಾರ್ಥಕ ಚಿಹ್ನೆಯನ್ನೂ ಪರೀಕ್ಷಿಸಿದೆ. ‘ಕನ್ನಡ’ಕ್ಕೆ ಮೂರು ಸಾಲವು, ಐದು ಬೇಕು, ಹಲಂತ ಚಿಹ್ನೆ (್) ಮತ್ತು ಒತ್ತು ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಲೊಕೇಲ್ (ಭಾಷೆ, ಅಕ್ಷರ ಸಂಕೇತಗಳ ಹೊಂದಿಕೆ) ‘ಸಿ’ ಆಗಿದ್ದರೆ ಬೈಟ್ ಲೆಕ್ಕದಲ್ಲಿ ಹದಿನೈದು. ಟರ್ಮಿನಲ್‌ನಲ್ಲಿ ಓಡಿದ್ದು, ಗೊತ್ತುಪಡಿಸಿದ ಸಮಯಕ್ಕೆ ತಾನೇ ಓಡಿಸುವ ಕ್ರಾನ್‌ನಲ್ಲಿ ಸುಮ್ಮನಾಗುತ್ತಿದ್ದದ್ದು ಇದರಿಂದಲೇ. ಸ್ಕ್ರಿಪ್ಟ್‌ನ ತಲೆಯಲ್ಲೇ ಯುಟಿಎಫ್-8 ಲೊಕೇಲ್ ಬರೆದಿಟ್ಟೆ. ಅಂದಿನಿಂದ ಕ್ರಾನ್‌ನಲ್ಲೂ ಪುಟ ತಪ್ಪಿಲ್ಲ.