ಶಾಲೆ ಬಿಟ್ಟ ಮೇಲಿನ ಎರಡು ಗಂಟೆ: ಊರಲ್ಲೇ ಸಂಜೆ ಕೇಂದ್ರ ನಡೆಸುವುದು ಹೇಗೆ?

ಸರ್ಕಾರಿ ಶಾಲೆಯ ಕೊನೆಯ ಗಂಟೆ ಹೊಡೆಯುವುದು ನಾಲ್ಕು ದಾಟಿದ ಮೇಲೆ. ಕೂಲಿಗೆ ಹೋದ ತಾಯಿ ಮನೆ ಸೇರುವಾಗ ಆರು, ಆರೂವರೆ. ಈ ನಡುವೆ ಮನೆಗೆ ಬೀಗ, ಹೊಟ್ಟೆಯಲ್ಲಿ ಹಸಿವು. ಹುಡುಗಿಯಾದರೆ ಕಂಕುಳಲ್ಲೊಂದು ಕೂಸು. ಈ ಎರಡು ಗಂಟೆಗಾಗಿ ಊರವರೇ ಸೇರಿ ಒಂದು ಸಂಜೆ ಕೇಂದ್ರ ನಡೆಸಬಹುದು. ದೊಡ್ಡ ದುಡ್ಡೇನೂ ಬೇಡ. ಬೇಕಾದದ್ದು ದಿನಾ ಬಾಗಿಲು ತೆರೆಯುವ ಶಿಸ್ತು.

ಶುರುವಿಗೆ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ತರಬೇತಿ ಕೊಟ್ಟ ಊರಿನ ಯುವಕ ಯುವತಿಯರು ಶಾಲೆಯ ಹೊರಗೆ ಓದುವ ಶಿಬಿರ ನಡೆಸಿದ್ದರು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಸಂಗಡಿಗರು ಅದನ್ನು ಅಳೆದು ನೋಡಿದರು. ಬಂದ ಮಕ್ಕಳು ಓದಿನಲ್ಲಿ ನಿಜವಾಗಿಯೂ ಮುಂದೆ ಹೋಗಿದ್ದರು. ಆದರೆ ಊರಿನ ಮಕ್ಕಳಲ್ಲಿ ಬಂದವರೇ ಶೇ 8ರಷ್ಟು. ಚೆನ್ನಾಗಿ ಕಲಿಸಿದರೆ ಮಕ್ಕಳು ತಾವಾಗಿ ಬರುತ್ತಾರೆ ಎಂದು ಕೂರುವಂತಿಲ್ಲ. ಯಾರಿಗೆ ಹೆಚ್ಚು ಬೇಕೋ ಆ ಮಗುವೇ ಬಾರದೆ ಉಳಿಯುತ್ತದೆ. ಜಾಗ, ಸಮಯ, ತಿಂಡಿ, ಹಾಜರಿ ಎಲ್ಲವನ್ನೂ ಆ ಮಗುವನ್ನು ಕಣ್ಣ ಮುಂದಿಟ್ಟುಕೊಂಡೇ ನಿರ್ಧರಿಸಬೇಕು.

ಜಾಗ ಮತ್ತು ಅನುಮತಿ

ಶಾಲೆಯದೇ ಒಂದು ಕೊಠಡಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ನೀರು, ಶೌಚಾಲಯ, ಆಟದ ಬಯಲು ಅಲ್ಲೇ ಇರುತ್ತವೆ. ಮುಖ್ಯ ಶಿಕ್ಷಕರ ಬಾಯಿಮಾತಿನ ಒಪ್ಪಿಗೆ ಸಾಲದು. ಅವರಿಗೆ ವರ್ಗವಾದ ಮರುದಿನವೇ ಕೊಠಡಿಗೆ ಬೀಗ ಬೀಳುತ್ತದೆ. ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು, ಯಾವ ಕೊಠಡಿ, ಎಷ್ಟರಿಂದ ಎಷ್ಟು ಗಂಟೆ, ಕೀಲಿ ಯಾರ ಬಳಿ, ಕಲಿಸುವವರ ಹೆಸರೇನು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ. ಒಂದು ಪ್ರತಿಯನ್ನು ಸಿಆರ್‌ಪಿ (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಕಳಿಸಿ.

ಶಾಲೆಯಲ್ಲಿ ಆಗದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ನೋಡಿ. 2019ರಿಂದ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್‌ರಾಜ್ ಇಲಾಖೆಯ ಕೈಯಲ್ಲಿವೆ, ಈಗ ಅರಿವು ಕೇಂದ್ರ ಎನ್ನುತ್ತಾರೆ. ಮಕ್ಕಳಿಗೆ ಸದಸ್ಯತ್ವ ಉಚಿತ. ದೇವಸ್ಥಾನದ ಜಗುಲಿ, ಯಾರದೋ ಮನೆಯ ಪಡಸಾಲೆ ಸುಲಭವಾಗಿ ಸಿಗುತ್ತವೆ. ಆದರೆ ಊರಿನ ಎಲ್ಲ ಕೇರಿಯ ಮಕ್ಕಳೂ ಅಳುಕಿಲ್ಲದೆ ಕಾಲಿಡುವ ಜಾಗ ಅದಲ್ಲವಾದರೆ ಬೇಡವೇ ಬೇಡ. ಬಾಗಿಲಲ್ಲೇ ನಿಂತುಬಿಡುವ ಮಗು ಯಾರೆಂದು ಊರಿಗೆಲ್ಲ ಗೊತ್ತಿರುತ್ತದೆ.

ಕಲಿಸುವವರು

25 ಮಕ್ಕಳಿಗೆ ಇಬ್ಬರು ಬೇಕು. ಪಿಯುಸಿ ಮುಗಿಸಿದ, ಅದೇ ಊರಿನಲ್ಲಿರುವ ಅಕ್ಕ ಅಥವಾ ಅಣ್ಣ ಸಾಕು. ಹಳ್ಳಿಯವರೇ ಆದರೆ ಬಸ್ ತಪ್ಪಿತೆಂದು ಕೇಂದ್ರ ಮುಚ್ಚುವುದಿಲ್ಲ. ಗೌರವಧನ ಎಷ್ಟೇ ಇರಲಿ, ತಿಂಗಳ ಅದೇ ದಿನ ಕೈಸೇರಬೇಕು. ಎರಡು ತಿಂಗಳು ತಡವಾದರೆ ಮೂರನೆಯ ತಿಂಗಳು ಅವರು ಬೇರೆ ಕೆಲಸ ಹುಡುಕುತ್ತಾರೆ. ತಪ್ಪು ಅವರದ್ದಲ್ಲ.

ಶಾಲೆಯ ಶಿಕ್ಷಕರಿಂದಲೇ ಹಣಕ್ಕೆ ಪಾಠ ಮಾಡಿಸುವ ಯೋಚನೆ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವುದನ್ನು ನಿಷೇಧಿಸಿದೆ. ಅದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡೆಯುವುದು, ಮನಸ್ಸು ನೋಯಿಸುವುದು ಎರಡೂ ತಪ್ಪು. ಬೆತ್ತವನ್ನು ಕೊಠಡಿಯೊಳಗೆ ತರಲೇಬಾರದು. ಒಬ್ಬರೇ ದೊಡ್ಡವರು ಒಂದು ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಇರಬಾರದು, ಕಿಟಕಿ ಬಾಗಿಲು ತೆರೆದೇ ಇರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದೂ ಸುಮ್ಮನಿದ್ದರೆ 2012ರ ಪೋಕ್ಸೊ ಕಾಯ್ದೆಯಡಿ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಅನ್ನು ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ.

ಮೊದಲು ತಿಂಡಿ

ಮಧ್ಯಾಹ್ನದ ಬಿಸಿಯೂಟ ಆಗಿ ಮೂರು ಗಂಟೆ ಕಳೆದಿರುತ್ತದೆ. ಹಸಿದ ಮಗುವಿಗೆ ಕಾಗುಣಿತ ಹತ್ತುವುದಿಲ್ಲ. ಬಿಸ್ಕತ್ತಿನ ಪೊಟ್ಟಣಕ್ಕಿಂತ ಕಡಲೆಕಾಳು ಅಥವಾ ಹೆಸರುಕಾಳಿನ ಉಸಲಿ ಮೇಲು. ತಲೆಗೆ 30 ಗ್ರಾಂ ಒಣ ಕಾಳಿನಂತೆ 25 ಮಕ್ಕಳಿಗೆ 750 ಗ್ರಾಂ. ಕಡಲೆಯನ್ನು ರಾತ್ರಿಯೇ ನೆನೆಹಾಕಿ, ಮರುದಿನ ಮಧ್ಯಾಹ್ನ ಮೂರರ ಮೇಲೆ ಬೇಯಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಿ. ತೆಂಗಿನ ತುರಿ ಬಡಿಸುವಾಗಲೇ ಹಾಕಬೇಕು. ಬಿಸಿ ಉಸಲಿಗೆ ಕಾಯಿ ಬೆರೆಸಿ ಮುಚ್ಚಿಟ್ಟರೆ ಬೇಸಿಗೆಯಲ್ಲಿ ಸಂಜೆಯೊಳಗೆ ಹಳಸುತ್ತದೆ, ಒಂದು ದಿನ ಮಕ್ಕಳಿಗೆ ಹೊಟ್ಟೆ ಕೆಟ್ಟರೆ ವಾರಗಟ್ಟಲೆ ಯಾರೂ ಬರುವುದಿಲ್ಲ. ಶೇಂಗಾ ಕೊಡುವ ಮುನ್ನ ಯಾರಿಗಾದರೂ ಒಗ್ಗುವುದಿಲ್ಲವೇ ಎಂದು ಮನೆಯಲ್ಲಿ ಕೇಳಿಕೊಳ್ಳಿ. ಮೂರು ಸಾಬೂನು, ಒಂದು ಬಕೆಟ್ ನೀರು, ಕೈ ತೊಳೆದ ಮೇಲೆ ತಟ್ಟೆ.

ತಿಂಡಿಯಾದ ಮೇಲೆ ಅರ್ಧ ಗಂಟೆ ಆಟ. ಇದನ್ನು ಕತ್ತರಿಸಬೇಡಿ. ಐದೂಕಾಲಿಗೆ ಓದು, ಐದು ಐವತ್ತಕ್ಕೆ ಲೆಕ್ಕ, ಕೊನೆಯ ಹತ್ತು ನಿಮಿಷ ಎಲ್ಲರಿಗೂ ಕಥೆ, ಆರೂವರೆಗೆ ಮನೆ. ನವೆಂಬರ್‌ನಿಂದ ಜನವರಿವರೆಗೆ ಆರಕ್ಕೆಲ್ಲ ಕತ್ತಲು ಕವಿಯುವುದರಿಂದ ಆಟ ಕಡಿಮೆ ಮಾಡದೆ ಲೆಕ್ಕವನ್ನು ದಿನ ಬಿಟ್ಟು ದಿನಕ್ಕೆ ಇಳಿಸಿ, ಆರಕ್ಕೇ ಬಿಡಿ. ಒಂದೇ ಕೇರಿಯವರು ಜೊತೆಯಾಗಿ ಹೋಗಲಿ.

ಮಕ್ಕಳ ಮಟ್ಟ ತಿಳಿಯುವುದು

ಮೊದಲ ವಾರ ಪಾಠ ಬೇಡ. ದಿನಕ್ಕೆ ಐದು ಮಕ್ಕಳಂತೆ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಐದೈದು ನಿಮಿಷ ಓದಿಸಿ. ಒಂದು ಹಾಳೆಯಲ್ಲಿ ಹತ್ತು ಅಕ್ಷರ, ಹತ್ತು ಸರಳ ಪದ, ನಾಲ್ಕು ಸಾಲಿನ ಭಾಗ, ಎಂಟು ಹತ್ತು ಸಾಲಿನ ಪುಟ್ಟ ಕಥೆ ಇದ್ದರೆ ಸಾಕು. ಹಳ್ಳಿಯ ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯಲು 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆಯದ್ದೂ ಹೆಚ್ಚುಕಡಿಮೆ ಇದೇ ಕ್ರಮ. ಮಗು ಎಲ್ಲಿ ತೊದಲುತ್ತದೋ ಅದೇ ಅದರ ಗುಂಪು. ಐದನೇ ತರಗತಿಯವನು ಮೂರನೆಯ ತರಗತಿಯವಳ ಪಕ್ಕ ಕೂರಬೇಕಾಗಬಹುದು. ಆ ಗುಂಪುಗಳಿಗೆ ‘ದಡ್ಡರು’, ‘ಜಾಣರು’ ಎಂಬ ವಾಸನೆಯೂ ತಾಗಬಾರದು. ಮಲ್ಲಿಗೆ, ಸಂಪಿಗೆ, ಕನಕಾಂಬರ ಎಂದು ಹೆಸರಿಡಿ.

ಅಂದವಾದ ನೋಟ್‌ಬುಕ್ ನೋಡಿ ಮೋಸ ಹೋಗಬೇಡಿ. ಬೋರ್ಡಿನಿಂದ ಒಂದು ಅಕ್ಷರವೂ ತಪ್ಪದಂತೆ ನಕಲು ಮಾಡುವ, ಆದರೆ ಓದಲು ಬಾರದ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಅದೇ ನೋಟ್‌ಬುಕ್ ತೆರೆದು ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿ, ತಕ್ಷಣ ತಿಳಿಯುತ್ತದೆ.

ಓದು ಕಟ್ಟುವುದು

ಅಕ್ಷರ ಬಾರದವರಿಗೆ ಅ, ಆ, ಇ, ಈ ಎಂದು ವರ್ಣಮಾಲೆಯಿಂದ ಶುರು ಮಾಡಬೇಡಿ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಚಟುವಟಿಕೆ ಪದ್ಧತಿಯಾದ ನಲಿ ಕಲಿಯಲ್ಲಿ ಇರುವಂತೆ ರ, ಗ, ಸ, ದ, ಅ ಎಂಬ ಐದೇ ಅಕ್ಷರ ಹಿಡಿಯಿರಿ. ಈ ಐದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಆಗುತ್ತವೆ. ‘ಗರಗಸ’ ಎಂದು ತಾನೇ ಕೂಡಿಸಿ ಓದಿದ ಮಗುವಿನ ಮುಖ ನೋಡಿದರೆ ಈ ಕ್ರಮ ಯಾಕೆಂದು ಹೇಳಬೇಕಾಗಿಲ್ಲ. ಐದಕ್ಕೂ ರಟ್ಟಿನ ಚೀಟಿ ಕತ್ತರಿಸಿ ಗುಂಪಿಗೆ ಎರಡು ಜೊತೆ ಕೊಡಿ, ಗ ಮತ್ತು ಸ ಚೀಟಿಗಳನ್ನು ಹೆಚ್ಚಿಗೆ ಮಾಡಿ.

ಮುಂದಿನ ಎಡವು ಕಾಗುಣಿತದಲ್ಲಿ. ಕೆ, ಕೇ, ಕೊ, ಕೋ ವ್ಯತ್ಯಾಸ ಕಿವಿಗೆ ಬೀಳುವ ಮೊದಲೇ ಕಣ್ಣಿಗೆ ಹಾಕುತ್ತೇವೆ, ಅದಕ್ಕೇ ತಪ್ಪುತ್ತದೆ. ಕೆರೆ ಎಂದಾಗ ಒಂದು ಚಪ್ಪಾಳೆ, ಕೇರೆ ಎಂದಾಗ ಕೈ ಅಗಲಿಸಿ ಎಳೆದು ಹೇಳಿಸಿ. ನಂತರ ಬರೆಸಿ.

ಒತ್ತಕ್ಷರದಲ್ಲಿ ಹೆಚ್ಚು ಮಕ್ಕಳು ನಿಲ್ಲುತ್ತಾರೆ. ಅಕ್ಕ, ಅಜ್ಜ, ಅಣ್ಣ ಪದಗಳಲ್ಲಿ ಒತ್ತು ಮೂಲ ಅಕ್ಷರದಂತೆಯೇ ಕಾಣುತ್ತದೆ, ಮಗು ಊಹಿಸಿಕೊಳ್ಳುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ಮೂಲದ ಹೋಲಿಕೆಯೇ ಇಲ್ಲ. ಅತ್ತೆ, ನನ್ನ, ಅಮ್ಮ, ಬೆಲ್ಲ ಎಂದು ಬಾಯಲ್ಲಿ ಇರುವ ಪದಗಳಿಂದಲೇ ಇವನ್ನು ವಾರಕ್ಕೆ ಎರಡರಂತೆ ಕಲಿಸಿ. ಅರ್ಕಾವೊತ್ತು ಕೊನೆಗೆ ಇರಲಿ. ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ರಕಾರ ಬರಹದಲ್ಲಿ ಯಕಾರದ ನಂತರ ಕೂರುತ್ತದೆ, ಮಗುವಿಗೆ ಅದು ನಿಜಕ್ಕೂ ಗೊಂದಲ.

ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಕ್ಕಳಿದ್ದರೆ ಅವರ ಭಾಷೆಯಲ್ಲಿ ಕಥೆ ಹೇಳಿಸಿ, ಅದನ್ನೇ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಓದಿಸಿ. ಪುಸ್ತಕಕ್ಕೆ ದುಡ್ಡಿಲ್ಲದಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು.

ಲೆಕ್ಕ: ಕಡ್ಡಿ ಕಟ್ಟು

52ರಲ್ಲಿ 27 ಕಳೆ ಎಂದರೆ ಬಹಳ ಮಕ್ಕಳು 35 ಬರೆಯುತ್ತಾರೆ. ಅದು ಅಜಾಗರೂಕತೆಯಲ್ಲ. 2ರಲ್ಲಿ 7 ಹೋಗುವುದಿಲ್ಲವೆಂದು 7ರಲ್ಲಿ 2 ಕಳೆದಿರುತ್ತಾರೆ. ‘ಪಕ್ಕದಿಂದ ಸಾಲ ತಗೋ’ ಎಂದು ನೂರು ಸಲ ಹೇಳಿದರೂ ಹೋಗದ ತಪ್ಪು ಇದು. ತೆಂಗಿನ ಪೊರಕೆ ಕಡ್ಡಿಯನ್ನು ಮೂರು ಮೂರು ಅಂಗುಲ ಕತ್ತರಿಸಿ, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ಇಬ್ಬರಿಗೆ 100 ಕಡ್ಡಿ, ಎಂಟು ಮಕ್ಕಳ ಗುಂಪಿಗೆ 400. ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಟ್ಟು ಏಳು ಬಿಡಿ ಕಡ್ಡಿ ಕೊಡು ಎನ್ನಿ. ಎರಡೇ ಇವೆ ಎಂದು ಮಗು ತಬ್ಬಿಬ್ಬಾಗಲಿ, ಹೇಳಿಕೊಡಬೇಡಿ. ತಾನೇ ಒಂದು ಕಟ್ಟಿನ ರಬ್ಬರ್ ಬಿಚ್ಚುವವರೆಗೆ ಕಾಯಿರಿ. ಕಟ್ಟು ನಾಲ್ಕು, ಬಿಡಿ ಹನ್ನೆರಡು. ಹನ್ನೆರಡರಲ್ಲಿ ಏಳು ಹೋದರೆ ಐದು, ನಾಲ್ಕು ಕಟ್ಟಿನಲ್ಲಿ ಎರಡು ಹೋದರೆ ಎರಡು, ಉಳಿದದ್ದು 25. ವಾರವಿಡೀ ಕಡ್ಡಿಯಲ್ಲೇ ಮಾಡಿಸಿ, ಆಮೇಲೆ ಸ್ಲೇಟು.

ಹೋಂವರ್ಕ್ ಮಾಡಿಸಿ ಎಂದು ತಾಯಂದಿರೂ ಶಾಲೆಯವರೂ ಕೇಳುತ್ತಾರೆ. ಹದಿನೈದು ನಿಮಿಷ ಮೀರಬೇಡಿ. ಓದಲು ಬಾರದ ಮಗು ಪ್ರಶ್ನೋತ್ತರ ನಕಲು ಮಾಡುತ್ತಾ ಕೂತರೆ ಸಂಜೆ ಮುಗಿದೇ ಹೋಯಿತು, ಆರು ತಿಂಗಳಾದ ಮೇಲೂ ಓದು ಅಲ್ಲೇ ಇರುತ್ತದೆ.

ಹಾಜರಿ ಪುಸ್ತಕ

ಹಾಜರಿ ಪುಸ್ತಕದಲ್ಲಿ ‘ಗೈರು’ ಎಂಬುದರ ಪಕ್ಕ ಕಾರಣದ ಕಲಂ ಇರಲಿ. ಎರಡು ದಿನ ಬಾರದಿದ್ದರೆ ಮೂರನೆಯ ದಿನ ಮನೆಗೆ ಹೋಗಿ. ‘ಯಾಕೆ ಕಳಿಸಲಿಲ್ಲ?’ ಎಂದು ಕೇಳಬೇಡಿ. ‘ಅಮ್ಮಾ, ನಿನ್ನೆ ಮೊನ್ನೆ ಮಗಳು ಕಾಣಲಿಲ್ಲ, ಹುಷಾರಿದ್ದಾಳಾ?’ ಎಂದರೆ ನಿಜವಾದ ಕಾರಣ ಹೊರಬರುತ್ತದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ ನಲ್ಲಿ ನೀರು, ಇಲ್ಲವೇ ತಮ್ಮನನ್ನು ನೋಡಿಕೊಳ್ಳುವ ಕೆಲಸ. ತಮ್ಮನನ್ನೂ ಕರೆದುಕೊಂಡು ಬಾ ಎನ್ನಿ, ಮೂಲೆಯಲ್ಲಿ ಒಂದು ಚಾಪೆ, ನಾಲ್ಕು ಸ್ಲೇಟು, ಬಣ್ಣದ ಸೀಮೆಸುಣ್ಣ ಇಡಿ. ನೀರು ಬಿಡುವ ದಿನ ಅರ್ಧ ಗಂಟೆ ತಡವಾಗಿ ಬಂದರೂ ಒಳಗೆ ಬಿಟ್ಟುಕೊಳ್ಳಿ, ಅವಳ ಪಾಲಿನ ಉಸಲಿ ಎತ್ತಿಡಿ. ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳಾದರೆ ಹೊರಡುವ ಮುನ್ನವೇ ಮೂರು ಪುಸ್ತಕ ಮಗುವಿನ ಕೈಗೆ ಕೊಡಿ.

ಆರು ವಾರಕ್ಕೊಮ್ಮೆ ಅದೇ ಮಾದರಿಯ ಹೊಸ ಹಾಳೆಯಲ್ಲಿ ಮತ್ತೆ ಓದಿಸಿ, ಗುಂಪು ಬದಲಿಸಿ. ಅಂಕಪಟ್ಟಿ ಬೇಡ. ಪೋಷಕರ ಸಭೆಯಲ್ಲಿ ಪ್ರತಿ ಮಗುವೂ ಅಮ್ಮನ ಎದುರು ಕೂತು ತಾನು ಆರಿಸಿದ ಒಂದು ಪುಟ ಓದಲಿ.

ಏಪ್ರಿಲ್‌ನಲ್ಲಿ ರಜೆ ಶುರುವಾದಾಗ ಕೇಂದ್ರ ಮುಚ್ಚಬೇಡಿ, ಬೆಳಗ್ಗೆ ಎಂಟರಿಂದ ಹತ್ತಕ್ಕೆ ಬದಲಿಸಿ. ಎರಡು ತಿಂಗಳು ಕೈಬಿಟ್ಟರೆ ಹೊಸದಾಗಿ ಓದಲು ಕಲಿತವರು ಒತ್ತಕ್ಷರ ಮರೆಯುತ್ತಾರೆ. ಆ ದಿನಗಳಲ್ಲಿ ಪುಸ್ತಕವನ್ನು ಮನೆಗೂ ಕೊಡಿ. ಹರಿದರೆ ದಂಡ ಎಂದು ಹೇಳಲೇಬೇಡಿ, ಹೇಳಿದರೆ ಪುಸ್ತಕ ಅಟ್ಟದ ಮೇಲೆ ಭದ್ರವಾಗಿರುತ್ತದೆ, ಯಾರೂ ತೆರೆಯುವುದಿಲ್ಲ. ಶನಿವಾರ ಒಂದು ಬಟ್ಟಲು ಮೈದಾ ಅಂಟು ಕಾಯಿಸಿ, ಹರಿದ ಪುಟಗಳನ್ನು ಮಕ್ಕಳ ಕೈಯಲ್ಲೇ ಅಂಟಿಸಿ, ಬಿಸಿಲಿಗೆ ಇಡಿಸಿ.