ಅಮೆರಿಕದ ತೆರಿಗೆ ರಿಟರ್ನ್‌ನಲ್ಲಿ ಬೆಳೆದ ಮಕ್ಕಳನ್ನೂ ಮಲಮಕ್ಕಳನ್ನೂ ಅವಲಂಬಿತರೆಂದು ತೋರಿಸುವ ಬಗೆ

ಮಗಳು ಕಾಲೇಜಿಗೆ ಹೊರಟಳು, ಇನ್ನು ಆಕೆಯ ಹೆಸರನ್ನು ರಿಟರ್ನ್‌ನಲ್ಲಿ ಬರೆಯುವಂತಿಲ್ಲ ಎಂದು ಅಮೆರಿಕದಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳು ಭಾವಿಸುತ್ತವೆ. ಹಾಗೇನಿಲ್ಲ. ಡಿಸೆಂಬರ್ 31ಕ್ಕೆ 19 ವರ್ಷ ತುಂಬಿರದ ಮಕ್ಕಳನ್ನೂ, ವರ್ಷದ ಯಾವುದಾದರೂ ಐದು ತಿಂಗಳಲ್ಲಿ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದು 24 ತುಂಬಿರದವರನ್ನೂ ಅವಲಂಬಿತರೆಂದು ತೋರಿಸಬಹುದು. ಶಾಶ್ವತವಾಗಿ ಸಂಪೂರ್ಣ ಅಶಕ್ತರಾದವರಿಗೆ ವಯಸ್ಸಿನ ಮಿತಿಯೇ ಇಲ್ಲ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಅವರು ನಿಮ್ಮೊಡನೆ ಇರಬೇಕೆಂಬ ನಿಯಮವಿದ್ದರೂ, ಓದಿಗಾಗಿ ಹಾಸ್ಟೆಲಿನಲ್ಲಿ ಕಳೆದ ದಿನಗಳನ್ನು ಮನೆಯಲ್ಲೇ ಕಳೆದಂತೆ ಎಣಿಸಲಾಗುತ್ತದೆ.

ಹೆಚ್ಚಿನವರು ಎಡವುವುದು ಪೋಷಣೆಯ ಲೆಕ್ಕದಲ್ಲಿ. ವಿದ್ಯಾರ್ಥಿಯಾದ ಮಗ ಎಷ್ಟೇ ಗಳಿಸಿರಲಿ, ತನ್ನ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ತಾನೇ ಭರಿಸಿರಬಾರದು. ಅವನು ಬ್ಯಾಂಕಿನಲ್ಲಿ ಕೂಡಿಟ್ಟ ಸಂಬಳವಾಗಲಿ, ಪಡೆದ ವಿದ್ಯಾರ್ಥಿವೇತನವಾಗಲಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಖರ್ಚಿಗೆ ಬಳಸಿದ ದುಡಿಮೆಯ ಹಣವೂ ಅವನ ಹೆಸರಿನಲ್ಲಿ ತೆಗೆದ ಶಿಕ್ಷಣ ಸಾಲವೂ ಅವನದೇ ಹಣವಾಗುತ್ತದೆ. ವಿದ್ಯಾರ್ಥಿವೇತನ ಬಿಟ್ಟು ವರ್ಷದ ಖರ್ಚು 28,000 ಡಾಲರ್ ಎಂದಿಟ್ಟುಕೊಳ್ಳಿ. ಅದರಲ್ಲಿ 12,000 ಅವನ ಸಾಲದಿಂದ, 3,000 ಅವನ ಅರೆಕಾಲಿಕ ದುಡಿಮೆಯಿಂದ ಬಂದಿದ್ದರೆ ಒಟ್ಟು 15,000 ಆಯಿತು. ಅರ್ಧವಾದ 14,000ವನ್ನು ಅದು ದಾಟಿದ್ದರಿಂದ ಆ ವರ್ಷ ನಿಮಗೆ ಅವಕಾಶವಿಲ್ಲ. ಬಾಡಿಗೆ, ಊಟ, ಶುಲ್ಕ, ಔಷಧಿಗಳ ಲೆಕ್ಕವನ್ನು ತಿಂಗಳು ತಿಂಗಳು ಬರೆದಿಡಿ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ 501ನೇ ಪ್ರಕಟಣೆಯಲ್ಲಿ ಇದಕ್ಕೆಂದೇ ಒಂದು ಕೋಷ್ಟಕವಿದೆ.

ವಯಸ್ಸು ಮೀರಿದವರಿಗೂ ಇನ್ನೊಂದು ದಾರಿಯಿದೆ: 2025ರಲ್ಲಿ ಅವರ ತೆರಿಗೆಗೊಳಪಡುವ ಒಟ್ಟು ಆದಾಯ 5,200 ಡಾಲರಿಗಿಂತ ಕಡಿಮೆಯಿರಬೇಕು, ಪೋಷಣೆಯ ಅರ್ಧಕ್ಕಿಂತ ಹೆಚ್ಚನ್ನು ನೀವು ಕೊಟ್ಟಿರಬೇಕು.

ಮಲಮಗ, ಮಲಮಗಳು ಈ ಕಾನೂನಿಗೆ ಸ್ವಂತ ಮಕ್ಕಳೇ. ನಿಮ್ಮ ಸಂಗಾತಿ ತೀರಿಕೊಂಡರೂ ವಿಚ್ಛೇದನವಾದರೂ ಆ ಸಂಬಂಧ ಕಡಿಯುವುದಿಲ್ಲ. ಎರಡನೆಯ ದಾರಿಯಲ್ಲಾದರೆ ಅವರು ನಿಮ್ಮ ಮನೆಯಲ್ಲಿ ಇರಲೇಬೇಕೆಂದೂ ಇಲ್ಲ. ಸಾಕಿದವರ ಋಣವನ್ನು ಕಾನೂನು ಇಷ್ಟರಮಟ್ಟಿಗಾದರೂ ಮನ್ನಿಸಿದೆ ಎಂಬುದು ನನಗೆ ಸಮಾಧಾನದ ಸಂಗತಿ.

ವೀಸಾದ ಮೇಲಿರುವವರು ಇನ್ನೊಂದು ವಿಷಯವನ್ನು ಗಮನಿಸಲೇಬೇಕು. ಅವಲಂಬಿತರು ಅಮೆರಿಕದ ಪ್ರಜೆಯೋ ತೆರಿಗೆಯ ದೃಷ್ಟಿಯಲ್ಲಿ ಅಲ್ಲಿನ ನಿವಾಸಿಯೋ ಆಗಿರಬೇಕು. ಕೆನಡಾ, ಮೆಕ್ಸಿಕೊ ನಿವಾಸಿಗಳಿಗೆ ವಿನಾಯಿತಿಯಿದೆ, ಭಾರತದ ನಿವಾಸಿಗಳಿಗಿಲ್ಲ. ಆದ್ದರಿಂದ ಮೈಸೂರಿನಲ್ಲಿ ಓದುತ್ತಿರುವ, ಭಾರತದ ಪ್ರಜೆಯಾದ ಮಲಮಗಳಿಗೆ ಎಷ್ಟೇ ಹಣ ಕಳುಹಿಸಿದರೂ ಆಕೆಯನ್ನು ತೋರಿಸಲಾಗದು. ಹಾಗೆಯೇ 21 ತುಂಬುವಾಗ ಎಚ್-4 (ಉದ್ಯೋಗ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾ) ಬಿಟ್ಟು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾದ ಮಗ, ಮರುವರ್ಷದಿಂದ ಸಾಮಾನ್ಯವಾಗಿ ಅನಿವಾಸಿಯೆಂದು ಎಣಿಕೆಯಾಗುವುದರಿಂದ, ನಿಮ್ಮ ಮನೆಯಲ್ಲೇ ಉಣ್ಣುತ್ತಿದ್ದರೂ ಪಟ್ಟಿಯಿಂದ ಹೊರಗುಳಿಯುತ್ತಾನೆ.

ಅರ್ಹರಾದ ಒಬ್ಬೊಬ್ಬರಿಗೂ ನಿಮ್ಮ ತೆರಿಗೆಯಲ್ಲಿ 500 ಡಾಲರಿನವರೆಗೆ ಕಡಿತವಿದೆ, ಓದುತ್ತಿದ್ದರೆ ಶಿಕ್ಷಣದ ರಿಯಾಯಿತಿಯೂ ಸಿಗಬಹುದು. ಆದರೆ ಮಗಳು ತನ್ನ ರಿಟರ್ನ್ ಅನ್ನು ಮೊದಲೇ ಸಲ್ಲಿಸುವುದಾದರೆ, ತನ್ನನ್ನು ಬೇರೊಬ್ಬರು ಅವಲಂಬಿತಳೆಂದು ತೋರಿಸಬಹುದು ಎಂಬ ಚೌಕದಲ್ಲಿ ಗುರುತು ಹಾಕಿದ್ದಾಳೆಯೇ ಎಂದು ಆಕೆಯ ಪಕ್ಕದಲ್ಲೇ ಕುಳಿತು ನೋಡಿ. ಆ ಗುರುತು ತಪ್ಪಿದರೆ ನಿಮ್ಮ ಆನ್‌ಲೈನ್ ರಿಟರ್ನ್ ತಿರಸ್ಕೃತವಾಗಬಹುದು; ಆಕೆ ತಿದ್ದುಪಡಿಯ ರಿಟರ್ನ್ ಆದ 1040-ಎಕ್ಸ್ ಫಾರ್ಮ್ ಸಲ್ಲಿಸಿ ತಿದ್ದಿಸಿಕೊಳ್ಳಬೇಕಾಗುತ್ತದೆ.