ಜೀವನಾಂಶದ ಮೊತ್ತ ಹೇಗೆ ನಿಗದಿಯಾಗುತ್ತದೆ: ಮಂಗಳೂರು, ಉಡುಪಿಯವರಿಗೊಂದು ಕೈಪಿಡಿ

ಗಂಡನ ಸಂಬಳದಲ್ಲಿ ಮೂರನೇ ಒಂದು ಪಾಲು ಹೆಂಡತಿಗೆ ಎಂದು ಕೋರ್ಟಿನ ವರಾಂಡದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. 2017ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗಂಡನ ನಿವ್ವಳ ಸಂಬಳದ ಶೇ. 25ರಷ್ಟು ನ್ಯಾಯಯುತ ಎಂದಿತ್ತು. ಕೇಳುವವರ ವಕೀಲರು ಇಂದಿಗೂ ಅದನ್ನು ಮುಂದಿಡುತ್ತಾರೆ, ಕೊಡುವವರ ವಕೀಲರು ಅದು ಆ ಒಂದು ಪ್ರಕರಣಕ್ಕಷ್ಟೇ ಎನ್ನುತ್ತಾರೆ. ಮೊತ್ತ ಕಡೆಗೂ ನಿಲ್ಲುವುದು ಕಾಗದದ ಮೇಲೆ. ಒಬ್ಬರ ಆದಾಯ ಎಷ್ಟು, ಇನ್ನೊಬ್ಬರ ಖರ್ಚು ಎಷ್ಟು ಎಂಬುದಕ್ಕೆ ದಾಖಲೆ ಬೇಕು. ಕರಾವಳಿಯಲ್ಲಿ ಆದಾಯ ತೋರಿಸುವುದೇ ಹೆಚ್ಚು ಕಷ್ಟ. ಅಡಿಕೆ ತೋಟ, ಮಲ್ಪೆಯ ಬೋಟು, ಮುಂಬೈಯ ಹೋಟೆಲ್, ದುಬೈ ಕೆಲಸ, ಇವು ಯಾವುವೂ ಒಂದೇ ಸಂಬಳ ಚೀಟಿಯಲ್ಲಿ ಸಿಗುವುದಿಲ್ಲ.

ಯಾವ ಕಾನೂನು, ಯಾವ ಕೋರ್ಟು

ಹಿಂದೂ ವಿವಾಹ ಕಾಯ್ದೆ, 1955ರ 24ನೇ ಕಲಮಿನಡಿ ಪ್ರಕರಣ ನಡೆಯುವಷ್ಟು ಕಾಲಕ್ಕೆ ಮಧ್ಯಂತರ ಜೀವನಾಂಶ ಮತ್ತು ಕೋರ್ಟು ಖರ್ಚು ಕೇಳಬಹುದು. 25ನೇ ಕಲಮಿನಡಿ ಸಿಗುವುದು ಶಾಶ್ವತ ಜೀವನಾಂಶ. ಈ ಎರಡನ್ನೂ ಗಂಡ ಕೂಡ ಕೇಳಬಹುದು, ಕೇಳುವವರು ಕಡಿಮೆ ಅಷ್ಟೆ. ವಿಶೇಷ ವಿವಾಹ ಕಾಯ್ದೆ, 1954ರಲ್ಲೂ (36 ಮತ್ತು 37ನೇ ಕಲಮು) ಕ್ರೈಸ್ತರಿಗೆ ಅನ್ವಯವಾಗುವ 1869ರ ವಿಚ್ಛೇದನ ಕಾಯ್ದೆಯಲ್ಲೂ ಈ ಹಕ್ಕು ಹೆಂಡತಿಗೆ ಮಾತ್ರ. ಕ್ಯಾಥೊಲಿಕ್ ಕುಟುಂಬಗಳಲ್ಲಿ ಒಂದು ಗೊಂದಲ ಆಗಾಗ ಕಾಣುತ್ತದೆ. ಚರ್ಚ್ ನ್ಯಾಯಮಂಡಳಿ ಮದುವೆಯನ್ನು ಅಸಿಂಧು ಎಂದರೂ ದೇಶದ ಕಾನೂನಿನ ಮಟ್ಟಿಗೆ ಆ ಮದುವೆ ಹಾಗೆಯೇ ಉಳಿಯುತ್ತದೆ. ಕೋರ್ಟಿನ ಡಿಕ್ರಿ ಬೇರೆಯೇ ಆಗಬೇಕು. ವಿಚ್ಛೇದಿತ ಮುಸ್ಲಿಂ ಮಹಿಳೆಗೆ 1986ರ ಕಾಯ್ದೆಯಡಿ ಮೆಹರ್ (ಮದುವೆಯ ವೇಳೆ ಗಂಡ ಕೊಡಲೊಪ್ಪಿದ ಹಣ) ಜತೆಗೆ ಮುಂದಿನ ಬದುಕಿಗೆ ಸಾಕಾಗುವ ನ್ಯಾಯಯುತ ಏರ್ಪಾಡನ್ನು ಇದ್ದತ್ ಅವಧಿಯೊಳಗೆ, ಅಂದರೆ ವಿಚ್ಛೇದನದ ನಂತರ ಆಕೆ ಕಾಯಬೇಕಾದ ಅವಧಿಯೊಳಗೆ, ಮಾಡಿಕೊಡಬೇಕು. ಸಾಮಾನ್ಯ ಕಾನೂನಿನ ಜೀವನಾಂಶ ಕೇಳುವ ಹಕ್ಕೂ ಆಕೆಗಿದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಸ್ಪಷ್ಟಪಡಿಸಿದೆ.

ಆ ಸಾಮಾನ್ಯ ಕಾನೂನು ಎಂದರೆ ಎಲ್ಲರ ಬಾಯಲ್ಲಿರುವ 125, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಮು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. ಧರ್ಮ ಯಾವುದಾದರೂ ಅನ್ವಯ, ಮರುಮದುವೆಯಾಗದ ವಿಚ್ಛೇದಿತೆಗೂ ಅನ್ವಯ. ಕೌಟುಂಬಿಕ ದೌರ್ಜನ್ಯ ಕಾಯ್ದೆ, 2005ರ 20ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಹಣ ಪರಿಹಾರ ಕೇಳುವ ದಾರಿಯೂ ಇದೆ.

ಮೂರು ಕಡೆ ಅರ್ಜಿ ಹಾಕಿದರೆ ಮೂರು ಪಟ್ಟು ಸಿಗುತ್ತದೆ ಎಂಬ ಲೆಕ್ಕ ಮಾತ್ರ ತಪ್ಪು. ಒಂದು ಕಡೆ ಆದೇಶವಾದದ್ದನ್ನು ಇನ್ನೊಂದು ಕೋರ್ಟಿಗೆ ತಿಳಿಸಲೇಬೇಕು, ಅಲ್ಲಿ ಆ ಮೊತ್ತವನ್ನು ಕಳೆದು ಲೆಕ್ಕ ಹಾಕುತ್ತಾರೆ. ಮುಚ್ಚಿಟ್ಟರೆ ಮುಂದೆ ನೀವು ಹೇಳುವ ಯಾವ ಮಾತಿಗೂ ತೂಕ ಇರುವುದಿಲ್ಲ.

ಮಂಗಳೂರು, ಉಡುಪಿ ಎರಡರಲ್ಲೂ ಕುಟುಂಬ ನ್ಯಾಯಾಲಯವಿದೆ. 144ರ ಅರ್ಜಿಯನ್ನು ಹೆಂಡತಿ ತಾನು ಈಗ ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಗಂಡ ಬೆಂಗಳೂರಲ್ಲಿದ್ದಾನೆಂದು ಕುಂದಾಪುರದ ತವರಿನಿಂದ ಅಲ್ಲಿಗೆ ಅಲೆಯಬೇಕಾಗಿಲ್ಲ. ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಅಫಿಡವಿಟ್ಟೇ ಅರ್ಧ ಪ್ರಕರಣ

2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಒಂದೇ ಪದ್ಧತಿ ಹಾಕಿಕೊಟ್ಟಿತು. ಗಂಡ, ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಸಲ್ಲಿಸಬೇಕು. ಅರ್ಜಿದಾರರು ಅರ್ಜಿಯ ಜತೆಗೇ ಕೊಡಬೇಕು, ಎದುರುದಾರರಿಗೆ ಹೆಚ್ಚೆಂದರೆ 4 ವಾರ. ಎರಡು ಬಾರಿಗಿಂತ ಹೆಚ್ಚು ಮುಂದೂಡಿಕೆ ಕೇಳಿ ಎಳೆದರೆ ಅವರ ಪ್ರತಿವಾದವನ್ನೇ ತಳ್ಳಿಹಾಕುವ ಅಧಿಕಾರ ಕೋರ್ಟಿಗಿದೆ. ನಮೂನೆಗಳು ಬೇರೆಬೇರೆ. ಕೃಷಿಯೇತರರಿಗೆ ಒಂದು, ಕೃಷಿಕರಿಗೆ ಇನ್ನೊಂದು. ಮೊದಲನೆಯದರಲ್ಲಿ ವಿದೇಶದಲ್ಲಿರುವವರಿಗೆಂದೇ ಒಂದು ಭಾಗವಿದೆ. ತೋಟವೂ ಇದ್ದು ನೌಕರಿಯೂ ಇರುವವರು ಎರಡರ ವಿವರವನ್ನೂ ಕೊಡಬೇಕು. ಇಲ್ಲಿ ಜಾರಿಕೊಳ್ಳುವವರೇ ಹೆಚ್ಚು: ಬ್ಯಾಂಕ್ ನೌಕರನೊಬ್ಬ ಸಂಬಳ ತೋರಿಸಿ ಬೆಳ್ತಂಗಡಿಯ 3 ಎಕರೆ ಅಡಿಕೆಯನ್ನು ಮರೆತುಬಿಡುತ್ತಾನೆ.

ಜೋಡಿಸಬೇಕಾದ್ದು ಇಷ್ಟು: ಕಳೆದ 3 ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆದಾಯ ತೆರಿಗೆ ರಿಟರ್ನ್, ಸಂಬಳ ಚೀಟಿ, ಫಾರ್ಮ್ 16, ಸೊಸೈಟಿಯ ಠೇವಣಿ ಮತ್ತು ಪಿಗ್ಮಿ ಖಾತೆ, ಎಲ್‌ಐಸಿ, ಆರ್‌ಟಿಸಿ, ವಾಹನದ ಆರ್‌ಸಿ, ಸಾಲದ ಪತ್ರಗಳು. ಖರ್ಚಿಗೆ ಬಾಡಿಗೆ ಕರಾರು, ಮೆಸ್ಕಾಂ ಬಿಲ್, ಶಾಲೆಯ ಫೀಸ್ ರಸೀದಿ, ಔಷಧದ ಬಿಲ್. ಖರ್ಚನ್ನು ಒಂದು ತಿಂಗಳದ್ದು ಹೇಳದೆ 12 ತಿಂಗಳದ್ದು ಕೂಡಿಸಿ ಸರಾಸರಿ ತೆಗೆಯಿರಿ. ಜೂನ್‌ನ ಶಾಲಾ ಫೀಸನ್ನೇ ತಿಂಗಳ ಖರ್ಚೆಂದು ತೋರಿಸಿದರೆ ಪಾಟಿ ಸವಾಲಿನಲ್ಲಿ ಮೊದಲು ಬೀಳುವುದು ಅದೇ. ವಾಟ್ಸ್ಆ್ಯಪ್ ಸಂದೇಶ, ಫೋಟೋಗಳನ್ನು ಸಾಕ್ಷ್ಯವಾಗಿ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜತೆಗಿರಲಿ. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಸಾಲದು.

ಮುಚ್ಚಿಟ್ಟ ಆದಾಯವನ್ನು ಎಲ್ಲಿ ಹುಡುಕುವುದು

ಕೃಷಿ ಆದಾಯಕ್ಕೆ ತೆರಿಗೆಯಿಲ್ಲ. ಹಾಗಾಗಿ ತೋಟವೊಂದೇ ಇರುವವರ ಬಳಿ ರಿಟರ್ನೇ ಇರುವುದಿಲ್ಲ, ಬೇರೆ ಆದಾಯವೂ ಇದ್ದವರ ರಿಟರ್ನ್‌ನಲ್ಲಿ ಕೃಷಿ ಆದಾಯದ ಸಾಲೊಂದು ಇರುತ್ತದೆ, ನೋಡಿ. ಆರ್‌ಟಿಸಿಯ 9ನೇ ಕಾಲಂ ಮಾಲೀಕರದ್ದು, 11 ಸಾಲ ಮತ್ತು ಋಣಗಳದ್ದು, 12 ಬೆಳೆಯದ್ದು. ವರ್ಗ (ಪಟ್ಟಾ) ಜಾಗದ ಆರ್‌ಟಿಸಿ ನೋಡಿ ಸುಮ್ಮನಾಗಬೇಡಿ, ಅದಕ್ಕೆ ತಾಗಿದ ಸರ್ಕಾರಿ ಜಾಗವಾದ ಕುಮ್ಕಿಯಲ್ಲಿ ಎಬ್ಬಿಸಿದ ತೋಟ ಅವರ ಹೆಸರಿನ ಕಾಲಂನಲ್ಲಿ ಕಾಣುವುದಿಲ್ಲ, ಫಸಲು ಮಾತ್ರ ಅಂಗಳಕ್ಕೇ ಬರುತ್ತದೆ. ಕ್ಯಾಂಪ್ಕೊ ಅಥವಾ ಖಾಸಗಿ ಮಂಡಿಗೆ ಅಡಿಕೆ ಹಾಕಿದ ಬಿಲ್ಲುಗಳು ಒಳ್ಳೆಯ ಸಾಕ್ಷ್ಯ. ಅದಕ್ಕಿಂತಲೂ ಒಳ್ಳೆಯದು ಸೇವಾ ಸಹಕಾರಿ ಸಂಘಕ್ಕೆ ಕೊಟ್ಟ ಸಾಲದ ಅರ್ಜಿ. ಕೋರ್ಟಿನಲ್ಲಿ ಕೊಳೆರೋಗದಿಂದ ಫಸಲೇ ಇಲ್ಲ ಎನ್ನುವವರು ಸಾಲ ಕೇಳುವಾಗ ಆದಾಯವನ್ನು ಎಂದೂ ಕಡಿಮೆ ಬರೆಯುವುದಿಲ್ಲ.

ಮೀನುಗಾರಿಕೆಯಲ್ಲಿ ತಿಂಗಳು ನೋಡಿ ಮೋಸ ಹೋಗಬಾರದು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಎದುರು ಪಕ್ಷ ಜುಲೈನ ಸ್ಟೇಟ್‌ಮೆಂಟ್ ತಂದರೆ ಉಳಿದ 10 ತಿಂಗಳದ್ದನ್ನೂ ಕೇಳಿ, ಕೂಡಿಸಿ 12ರಿಂದ ಭಾಗಿಸಿ. ಬೋಟಿನ ನೋಂದಣಿ ಪತ್ರ, ತೆರಿಗೆ ವಿನಾಯಿತಿ ಡೀಸೆಲ್ ಪಡೆದ ದಾಖಲೆ, ಬಂದರಿನ ಹರಾಜಿನ ಚೀಟಿ, ಇವು ಬೋಟು ಓಡುತ್ತಿದೆಯೇ ಎಂಬುದನ್ನು ತೋರಿಸುತ್ತವೆ.

ಹೋಟೆಲ್ ಅಣ್ಣನ ಹೆಸರಿನಲ್ಲಿದೆ ಎಂದರೆ ಪಾಲುದಾರಿಕೆ ಪತ್ರ, ಜಿಎಸ್‌ಟಿ ರಿಟರ್ನ್, ಆಹಾರ ಪರವಾನಗಿ ತರಿಸಲು ಕೋರ್ಟಿಗೆ ಅರ್ಜಿ ಹಾಕಿ. ಗಲ್ಫ್‌ನಲ್ಲಿರುವವರ ಎನ್‌ಆರ್‌ಇ ಖಾತೆಗೆ ಬಂದ ಹಣ ಆದಾಯದ ಕನಿಷ್ಠ ಮಟ್ಟವನ್ನಷ್ಟೇ ಹೇಳುತ್ತದೆ, ಅಲ್ಲಿನ ಸಂಬಳ ಪತ್ರವೇ ಬೇಕು. ಅಲ್ಲಿನ ಬಾಡಿಗೆ, ಊಟ, ವೀಸಾ ಖರ್ಚನ್ನು ಕಳೆಯುವುದು ನ್ಯಾಯವೇ. 10,000 ದಿರ್ಹಂ ಅನ್ನು ನೇರವಾಗಿ ರೂಪಾಯಿಗೆ ಗುಣಿಸಿ ಮಂಗಳೂರಿನ ಸಂಬಳವೆಂಬಂತೆ ವಾದಿಸಿದರೆ ಮೇಲ್ಮನವಿಯಲ್ಲಿ ಮೊತ್ತ ಇಳಿಯುತ್ತದೆ. ನೋಟಿಸ್ ತಲುಪಿದ ಮೇಲೆ ರಾಜೀನಾಮೆ ಕೊಟ್ಟು ಊರಿಗೆ ಬಂದು ಕೂತರೂ ಕೋರ್ಟು ದುಡಿಯುವ ಸಾಮರ್ಥ್ಯವನ್ನು ನೋಡುತ್ತದೆ. ಆರೋಗ್ಯವಂತನಾದ ಗಂಡ ಮೈಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆಸ್ತಿ ತಾಯಿಯ ಕಡೆಯಿಂದ ಸಾಗುವ ಅಳಿಯಸಂತಾನ ಮನೆತನಗಳಲ್ಲಿ 'ಜಾಗ ಅಮ್ಮನ ಹೆಸರಲ್ಲಿದೆ' ಎಂಬ ಮಾತು ಅನೇಕ ಸಲ ನಿಜವೇ ಆಗಿರುತ್ತದೆ. ಆ ಆಸ್ತಿಯ ಮೇಲೆ ಹೆಂಡತಿಯ ಜೀವನಾಂಶದ ಹೊರೆ ಹಾಕಲು ಬರುವುದಿಲ್ಲ. ಆದರೆ ಅದರ ಆದಾಯವನ್ನು ಗಂಡ ಅನುಭವಿಸುತ್ತಿದ್ದರೆ ಅದನ್ನು ಮೊತ್ತದ ಲೆಕ್ಕಕ್ಕೆ ತರಬಹುದು. ವಾದವನ್ನು ಅಲ್ಲಿಗೆ ನಿಲ್ಲಿಸುವುದು ಜಾಣತನ.

ಒಂದು ಉದಾಹರಣೆ

ಗಂಡನ ಒಟ್ಟು ಸಂಬಳ 90,000 ರೂ. ಎಂದಿಟ್ಟುಕೊಳ್ಳಿ. ಪಿಎಫ್, ತೆರಿಗೆ, ವೃತ್ತಿ ತೆರಿಗೆ ಕಳೆದರೆ 80,000. ಆತ ಇನ್ನೂ 22,000 ಸಾಲದ ಕಂತು, 8,000 ಆರ್‌ಡಿ ಕಳೆದು ಕೈಗೆ ಬರುವುದು 50,000 ಎನ್ನುತ್ತಾನೆ. ಶೇ. 25ರ ಅಳತೆಯಲ್ಲಿ ಮೊದಲನೆಯದಕ್ಕೆ 20,000, ಎರಡನೆಯದಕ್ಕೆ 12,500. ತಿಂಗಳಿಗೆ 7,500ರ ವ್ಯತ್ಯಾಸ ಬಂದದ್ದು ಕಡಿತಗಳಿಂದ ಮಾತ್ರ. ಕಾನೂನುಬದ್ಧ ಕಡಿತವನ್ನು ಕೋರ್ಟು ಒಪ್ಪುತ್ತದೆ. ಆರ್‌ಡಿ ಉಳಿತಾಯ, ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಾಲ ಯಾವಾಗ, ಯಾತಕ್ಕೆ ತೆಗೆದದ್ದು ಎಂಬುದು ಮುಖ್ಯ: ಇಬ್ಬರೂ ಇದ್ದಾಗ ಕಟ್ಟಿದ ಮನೆಯ ಸಾಲಕ್ಕೆ ಬೆಲೆಯಿದೆ, ಜಗಳದ ನಂತರ ಕೊಂಡ ಕಾರಿನ ಸಾಲಕ್ಕೆ ಇಲ್ಲ.

ದೆಹಲಿ ಹೈಕೋರ್ಟ್ 2004ರಲ್ಲಿ ಬಳಸಿದ ಪಾಲಿನ ಲೆಕ್ಕವೂ ಒಂದಿದೆ. ದುಡಿಯುವವನಿಗೆ 2 ಪಾಲು, ಉಳಿದ ಅವಲಂಬಿತರಿಗೆ ತಲಾ 1. ಹೆಂಡತಿ, ಒಂದು ಮಗು, ಪಿಂಚಣಿಯಿಲ್ಲದ ತಾಯಿ ಇದ್ದರೆ ಒಟ್ಟು 5 ಪಾಲು. 80,000ದಲ್ಲಿ ಪಾಲೊಂದಕ್ಕೆ 16,000, ಹೆಂಡತಿಗೂ ಮಗುವಿಗೂ ಸೇರಿ 32,000. ಎರಡೂ ವಿಧಾನದಲ್ಲಿ ಲೆಕ್ಕ ಹಾಕಿ ನೋಡಿದರೆ ರಾಜಿಯ ಮಾತಿಗೆ ಕೂರುವಾಗ ಕೈಯಲ್ಲೊಂದು ಅಂದಾಜು ಇರುತ್ತದೆ. ಮಗುವಿನ ಮೊತ್ತವನ್ನು ಯಾವಾಗಲೂ ಪ್ರತ್ಯೇಕವಾಗಿ ಕೇಳಿ. ಸೇರಿಸಿ ಕೇಳಿದರೆ ಮುಂದೆ ಹೆಂಡತಿ ಮರುಮದುವೆಯಾದಾಗ ಮಗುವಿನ ಪಾಲೂ ವಿವಾದಕ್ಕೆ ಸಿಗುತ್ತದೆ.

ಇದರ ಮೇಲೆ ನ್ಯಾಯಾಧೀಶರು ತೂಗುವ ಅಂಶಗಳಿವೆ: ಮದುವೆ ಎಷ್ಟು ವರ್ಷ ನಡೆಯಿತು, ಇಬ್ಬರ ವಯಸ್ಸು, ಓದು, ಆರೋಗ್ಯ, ಒಟ್ಟಿಗಿದ್ದಾಗಿನ ಜೀವನಮಟ್ಟ, ಮಕ್ಕಳಿಗಾಗಿ ಕೆಲಸ ಬಿಟ್ಟದ್ದು. ಹೆಂಡತಿಗೆ ಸಂಪಾದನೆ ಇದೆ ಎಂದಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ದುಡಿಯುವ ಶಕ್ತಿ ಇರುವುದೂ ನಿಜವಾಗಿ ದುಡಿಯುತ್ತಿರುವುದೂ ಬೇರೆಬೇರೆ ಎಂದು ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬೀಡಿ ಕಟ್ಟಿ ತಿಂಗಳಿಗೆ ನಾಲ್ಕು ಸಾವಿರ ಬರುತ್ತಿದ್ದರೆ ಅಫಿಡವಿಟ್‌ನಲ್ಲಿ ಹಾಗೆಯೇ ಬರೆಯಿರಿ. ಆದಾಯ ಶೂನ್ಯ ಎಂದು ಬರೆದು ಪಿಎಫ್ ಖಾತೆ ಹೊರಬಿದ್ದರೆ ನಾಲ್ಕು ಸಾವಿರಕ್ಕಾಗಿ ಇಡೀ ಪ್ರಕರಣ ಕೆಡುತ್ತದೆ. ಸುಳ್ಳು ಅಫಿಡವಿಟ್‌ಗೆ ಪ್ರತ್ಯೇಕ ಕ್ರಿಮಿನಲ್ ಕ್ರಮವೂ ಇದೆ.

ಮಧ್ಯಂತರ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ, ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. ಆ 'ಸಾಧ್ಯವಾದಷ್ಟು' ಎಂಬುದರಲ್ಲಿ ಎಷ್ಟೋ ತಿಂಗಳು ಹೋಗುತ್ತವೆ. ಆದರೂ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, ಆದ್ದರಿಂದ ಕಾಗದವೆಲ್ಲ ಕೂಡಿಬರಲಿ ಎಂದು ಅರ್ಜಿಯನ್ನೇ ತಡಮಾಡಬೇಡಿ. ಇನ್ನೊಂದು ಮಾತು: 25ನೇ ಕಲಮಿನ ಪರಿಹಾರಕ್ಕೆ ಅರ್ಜಿ ಬೇಕು, ತಾನಾಗಿ ಬರುವುದಿಲ್ಲ. ಡಿಕ್ರಿಯ ನಂತರವೂ ಕೇಳಬಹುದು. ವಿಚ್ಛೇದನದ ಅರ್ಜಿಯೇ ವಜಾ ಆದರೆ ಮಾತ್ರ ಆ ದಾರಿ ಮುಚ್ಚುತ್ತದೆ, ಆಗ 144 ಹಿಡಿಯಬೇಕು.

ಒಂದೇ ಗಂಟು ಅಥವಾ ತಿಂಗಳ ಕಂತು

ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಹೆಚ್ಚಿನವರು ಒಂದೇ ಗಂಟು ಕೇಳುತ್ತಾರೆ. ಲೆಕ್ಕ ಹೀಗೆ ನೋಡಿ: ತಿಂಗಳಿಗೆ 15,000 ಎಂದರೆ ವರ್ಷಕ್ಕೆ 1,80,000. ಶೇ. 7 ಬಡ್ಡಿಯ ಠೇವಣಿಯಿಂದ ಅಷ್ಟು ಬರಬೇಕಾದರೆ ಸುಮಾರು 25.7 ಲಕ್ಷ ಬೇಕು. ಬೆಲೆಯೇರಿಕೆ ಇದರಲ್ಲಿ ಸೇರಿಲ್ಲ. ಎದುರಿನವರು 8 ಲಕ್ಷ ಎಂದಾಗ ಅದು ತಿಂಗಳಿಗೆ 4,700ರ ಬಡ್ಡಿಯೂ ಆಗದು ಎಂಬುದು ತಿಳಿದಿರಲಿ. ಗಂಡ ಗಲ್ಫ್‌ನಲ್ಲಿದ್ದು ಊರಲ್ಲಿ ಆಸ್ತಿಯಿಲ್ಲದಿದ್ದರೆ ಸ್ವಲ್ಪ ಕಡಿಮೆಯಾದರೂ ಒಂದೇ ಗಂಟು ಮೇಲು, ಅಲ್ಲಿಂದ ತಿಂಗಳ ಬಾಕಿ ವಸೂಲಿ ಮಾಡುವುದು ದೊಡ್ಡ ತಲೆನೋವು. ಊರಲ್ಲೇ ಸರ್ಕಾರಿ ನೌಕರಿಯಿದ್ದರೆ ತಿಂಗಳ ಮೊತ್ತಕ್ಕೂ ಭಯವಿಲ್ಲ. ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆಯ ಷರತ್ತನ್ನು ಕೇಳಿ, 2025ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ಆದೇಶಿಸಿದ ಉದಾಹರಣೆಯಿದೆ.

ರಾಜಿ ಪತ್ರದಲ್ಲಿ ಡಿಡಿಯ ಸಂಖ್ಯೆ ಮತ್ತು ದಿನಾಂಕ, ಹಿಂದಿರುಗಿಸುವ ಚಿನ್ನದ ಪಟ್ಟಿ ಗ್ರಾಂ ಸಮೇತ, ಮಗುವಿನ ಫೀಸ್ ಯಾರದ್ದು, ಯಾವ ಯಾವ ಕೇಸು ಹಿಂದಕ್ಕೆ ಎಂಬುದೆಲ್ಲ ಇರಲಿ. ಕೊನೆಯ ಕಂತಿನ ಡಿಡಿ ಎರಡನೇ ಹೇಳಿಕೆಯ ದಿನ, ಅಂದರೆ ಇಬ್ಬರೂ ಒಪ್ಪಿಗೆಯನ್ನು ಕೋರ್ಟಿನ ಮುಂದೆ ಎರಡನೇ ಬಾರಿ ಹೇಳುವ ದಿನ, ಅಲ್ಲೇ ಕೈಸೇರಬೇಕು. ಮುಂದಿನ ತಾರೀಖಿನ ಚೆಕ್ ಪಡೆದು ಡಿಕ್ರಿಗೆ ಒಪ್ಪಿದರೆ ಚೆಕ್ ಬೌನ್ಸ್ ಆದಾಗ ಇನ್ನೊಂದು ಕೇಸು ಹೂಡಬೇಕಾಗುತ್ತದೆ.

ಬಾಕಿ ಉಳಿದಾಗ

144ರ ಆದೇಶದ ಬಾಕಿಗೆ ಪ್ರತಿ ಕಂತು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ಇಂದೋ ನಾಳೆಯೋ ಕೊಟ್ಟಾನು ಎಂದು ಕಾದು ಕೂತವರು ಕಳೆದುಕೊಳ್ಳುವುದು ಈ ಗಡುವಿನಲ್ಲಿ. ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು, ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ. ಸಂಬಳ ಜಪ್ತಿಯಲ್ಲಿ ಮಾಮೂಲಿ ಸಾಲಗಾರನಿಗಿರುವ ರಕ್ಷಣೆ ಇಲ್ಲಿಲ್ಲ: ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಒಂದು ಭಾಗ ಮಾತ್ರ ಉಳಿಸಿ ಉಳಿದದ್ದನ್ನು ಜಪ್ತಿ ಮಾಡಲು ಬರುತ್ತದೆ. 25ನೇ ಕಲಮಿನಡಿ ಗಂಡನ ಸ್ವಂತ ಸ್ಥಿರಾಸ್ತಿಯ ಮೇಲೆ ಹೊರೆ ಹಾಕಿಸಿಕೊಂಡಿದ್ದರೆ ಆತ ಜಾಗ ಮಾರಲು ಹೊರಟಾಗ ಅದು ಕೆಲಸಕ್ಕೆ ಬರುತ್ತದೆ. ಹೊರೆಯನ್ನು ಆರ್‌ಟಿಸಿಯ 11ನೇ ಕಾಲಂನಲ್ಲಿ ನಮೂದಿಸಲು ಡಿಕ್ರಿಯ ಪ್ರತಿಯೊಂದಿಗೆ ತಾಲೂಕು ಕಚೇರಿಗೆ ಅರ್ಜಿ ಕೊಡಿ.

ಕೆಲಸ ಹೋಯಿತು, ಕಾಯಿಲೆ ಬಂತು, ಸಂಬಳ ಏರಿತು ಎಂದಾದರೆ ಇಬ್ಬರಲ್ಲಿ ಯಾರಾದರೂ ಮೊತ್ತ ಬದಲಿಸಲು ಅರ್ಜಿ ಹಾಕಬಹುದು. ಆದೇಶ ಬದಲಾಗುವವರೆಗೆ ಹಳೆಯ ಮೊತ್ತವನ್ನೇ ಕಟ್ಟಬೇಕು. ಅಂತಿಮ ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿಗೆ 30 ದಿನ, ನಮ್ಮ ಎರಡೂ ಜಿಲ್ಲೆಗಳಿಗೆ ಬೆಂಗಳೂರು ಪೀಠ. ಮೇಲ್ಮನವಿ ಹಾಕಿದ್ದೇನೆ, ಇನ್ನು ಕಟ್ಟಬೇಕಿಲ್ಲ ಎಂದು ತಿಳಿಯಬೇಡಿ. ತಡೆಯಾಜ್ಞೆ ಬೇರೆಯೇ ಸಿಗಬೇಕು, ಅದಕ್ಕೂ ಸಾಮಾನ್ಯವಾಗಿ ಬಾಕಿಯ ಒಂದು ಭಾಗವನ್ನು ಮೊದಲು ಠೇವಣಿ ಇಡಲು ಹೇಳುತ್ತಾರೆ.